ಈರುಳ್ಳಿ ಸೊಪ್ಪು: ತೇವ ಬೇಕು, ನೀರು ಬೇಡ

ಪುತ್ತೂರಿನ ಸೋಮವಾರದ ಸಂತೆಯಿಂದ ತಂದ ಈರುಳ್ಳಿ ಸೊಪ್ಪನ್ನು ಗಾಳಿಗೆ ತೆರೆದಿಟ್ಟರೆ ಬಾಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಲೋಳೆಯಾಗಿ ಕೊಳೆಯುತ್ತದೆ. ಹಾಗಾದರೆ ಅದನ್ನು ಇಡುವುದು ಹೇಗೆ?

ಈ ಸೊಪ್ಪಿನ ತೂಕದಲ್ಲಿ ಸುಮಾರು ಶೇ. 90 ಭಾಗ ನೀರು. ಜೀವಕೋಶಗಳೊಳಗಿನ ನೀರಿನ ಒತ್ತಡವೇ ಕೊಳವೆಯಂತಹ ಎಲೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಕಿತ್ತ ಮೇಲೂ ಎಲೆಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಆದರೆ ಬೇರಿನಿಂದ ಪೂರೈಕೆ ನಿಂತಿರುತ್ತದೆ. ಒತ್ತಡ ಕುಗ್ಗಿ ಎಲೆ ಜೋಲುತ್ತದೆ.

ಒದ್ದೆ ಗೋಣಿ ಸುತ್ತಿ ತಂಪಾಗಿಡಬಹುದಲ್ಲವೇ? ಒಣ ಹವೆಯ ಊರುಗಳಲ್ಲಿ ಸಾಧ್ಯ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ಎರಡು ಇಟ್ಟಿಗೆ ಗೋಡೆಗಳ ನಡುವೆ ಒದ್ದೆ ಮರಳು ತುಂಬಿದ ಶೀತಲ ಕೋಣೆಯ ತತ್ತ್ವವೂ ಇದೇ. ಉಷ್ಣತೆ 38 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇ. 25 ಇದ್ದಲ್ಲಿ ಆವೀಕರಣದಿಂದ ಸುಮಾರು 23 ಡಿಗ್ರಿಯವರೆಗೆ ತಂಪಾಗಬಹುದು. ಪುತ್ತೂರು, ಸುಳ್ಯ, ಕಡಬಗಳ ಮಳೆಗಾಲದಲ್ಲಿ 28 ಡಿಗ್ರಿ, ಶೇ. 90 ಆರ್ದ್ರತೆ ಇದ್ದ ದಿನ ಇಳಿಯುವುದು ಒಂದೂವರೆ ಡಿಗ್ರಿಗಿಂತಲೂ ಕಡಿಮೆ! ಗೋಣಿಯ ನೀರು ಕೊಳೆಸುವ ಬ್ಯಾಕ್ಟೀರಿಯಾಗಳಿಗಷ್ಟೇ ಉಪಕಾರಿ.

ಫ್ರಿಜ್ಜಿನಲ್ಲಿಯೂ ಎಚ್ಚರ ಬೇಕು. ಅಂತಹ ದಿನ ನಮ್ಮ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 5 ಡಿಗ್ರಿಯಲ್ಲಿ ಅಷ್ಟೇ ಗಾಳಿ ಹಿಡಿದಿಡಬಲ್ಲದ್ದು ಸುಮಾರು 7 ಗ್ರಾಂ ಮಾತ್ರ. ಉಳಿದದ್ದು ಸಾಂದ್ರೀಕರಿಸಿ ಹನಿಯಾಗುತ್ತದೆ. ಬಿಗಿದ ಚೀಲದೊಳಗೆ ಬೆಚ್ಚಗಿನ ಸೊಪ್ಪಿನಿಂದ ಹೊರಟ ಆವಿಯೂ ಹೀಗೆಯೇ ಹನಿಗಟ್ಟಿ ಎಲೆಗೆ ಅಂಟುತ್ತದೆ. ಸೊಪ್ಪಿನ ಸುತ್ತಲಿನ ಗಾಳಿಯಲ್ಲಿ ತೇವವಿರಬೇಕು, ಎಲೆಯ ಮೇಲೆ ನೀರು ನಿಲ್ಲಬಾರದು. ಗುಟ್ಟು ಇಷ್ಟೇ.

ಆದ್ದರಿಂದ ತಂದೊಡನೆ ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ, ಮೇಲಿನ ನೀರು ಆರಲು ಬಿಡಿ. ಅಚ್ಚಿಲ್ಲದ ಒಣ ಕಾಗದದಲ್ಲಿ ಸುತ್ತಿ, ನಾಲ್ಕಾರು ತೂತುಗಳಿರುವ ಚೀಲದಲ್ಲಿ ಹಾಕಿ, ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿಡಿ. ಕಾಗದ ಒದ್ದೆಯಾದರೆ ಬದಲಿಸಿ. ಮಂಜುಗಡ್ಡೆಯ ಖಾನೆ ಬೇಡ. ಅಲ್ಲಿ ಜೀವಕೋಶಗಳು ಒಡೆದು ಎಲೆ ಮೆತ್ತಗಾಗುತ್ತದೆ. ಬೇರಿನಲ್ಲಿ ಮಣ್ಣಿರುವುದರಿಂದ ಬಳಸುವ ಮುನ್ನ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಲೋಳೆಯಾದದ್ದನ್ನು ಎಸೆಯಿರಿ.

ಫ್ರಿಜ್ ಇಲ್ಲದಿದ್ದರೆ, ಅಥವಾ ಗಾಳಿಮಳೆಗೆ ಕರೆಂಟು ಹೋದರೆ? ಬೇರು ಮಾತ್ರ ಮುಳುಗುವಂತೆ ಲೋಟದ ನೀರಿನಲ್ಲಿ ನಿಲ್ಲಿಸಿ, ದಿನವೂ ನೀರು ಬದಲಿಸಿ. ಎಲೆ ಬಳಸಿದ ಮೇಲೆ ಬೇರಿರುವ ಬುಡವನ್ನು ಮಣ್ಣು ತುಂಬಿದ ಗೆರಟೆಯಲ್ಲಿ ನೆಟ್ಟರೆ ಮತ್ತೆ ಚಿಗುರುತ್ತದೆ.

ಶಾಲೆಯಲ್ಲಿ ಹೀಗೆ ಮಾಡಿ ನೋಡಿ: ಸಮತೂಕದ ಮೂರು ಕಟ್ಟುಗಳನ್ನು ತೆರೆದು, ಬಿಗಿದ ಚೀಲದಲ್ಲಿ, ಕಾಗದ ಸುತ್ತಿ ತೂತಿನ ಚೀಲದಲ್ಲಿ ಇಡಿ. ಐದು ದಿನ ತೂಕವನ್ನೂ ಎಲೆಯ ಸ್ಥಿತಿಯನ್ನೂ ಬರೆದಿಡಿ. ತೂಕ ಕಳೆದುಕೊಳ್ಳದ ಕಟ್ಟೇ ಒಳ್ಳೆಯದಾಗಿ ಉಳಿಯಿತೇ? ಉತ್ತರವನ್ನು ವಿದ್ಯಾರ್ಥಿಗಳೇ ಹೇಳಲಿ.