ತಲೆಯಲ್ಲಿ ನೀರು: ಮಗುವಿನ ಕಣ್ಣನ್ನು ಮರೆಯದಿರಿ

ಮಗು ಮೊದಲ ಬಾರಿ ತನ್ನ ಮುಖ ನೋಡಿ ನಗುವ ಗಳಿಗೆಗಾಗಿ ಪ್ರತಿಯೊಬ್ಬ ತಾಯಿಯೂ ಕಾಯುತ್ತಿರುತ್ತಾಳೆ. ಸಾಮಾನ್ಯವಾಗಿ ಎರಡು ತಿಂಗಳು ತುಂಬುವ ಹೊತ್ತಿಗೆ ಆ ನಗು ಬರುತ್ತದೆ. ಮೂರು ತಿಂಗಳಾಗುವಾಗ ತಾಯಿ ಅತ್ತಿತ್ತ ಹೋದರೆ ಮಗುವಿನ ನೋಟವೂ ಅವಳನ್ನು ಹಿಂಬಾಲಿಸುತ್ತದೆ. ಆದರೆ ಮಗು ನಿಮ್ಮ ಮುಖವನ್ನೇ ನೋಡುತ್ತಿಲ್ಲ, ಕಣ್ಣುಗುಡ್ಡೆಗಳು ಕೆಳಗೇ ಇಳಿದಿರುತ್ತವೆ, ತಲೆ ಮಾತ್ರ ದಿನೇ ದಿನೇ ದೊಡ್ಡದಾಗುತ್ತಿದೆ ಎಂದಾದರೆ?

ಮನೆಯ ಹಿರಿಯರು "ಯಾರದೋ ದೃಷ್ಟಿ ತಾಗಿದೆ" ಎನ್ನಬಹುದು. ನೆರೆಮನೆಯಾಕೆ "ನನ್ನ ಮಗನ ತಲೆಯೂ ದೊಡ್ಡದೇ ಇತ್ತು, ಹೆದರಬೇಡಮ್ಮಾ" ಎಂದು ಸಮಾಧಾನ ಹೇಳಬಹುದು. ಆದರೆ ಇಂತಹ ಸಮಾಧಾನದಲ್ಲಿ ಕಳೆದುಹೋಗುವ ವಾರಗಳು ಮಗುವಿನ ನೋಟವನ್ನೇ ಕಸಿದುಕೊಳ್ಳಬಹುದು. ಅದು ಹೈಡ್ರೋಸೆಫಾಲಸ್, ಅಂದರೆ ತಲೆಯೊಳಗೆ ನೀರು ತುಂಬುವ ಕಾಯಿಲೆಯ ಲಕ್ಷಣವಾಗಿರಬಹುದು.

ಏನಿದು ಕಾಯಿಲೆ?

ನಮ್ಮ ಮೆದುಳಿನೊಳಗೆ ಪುಟ್ಟ ಪುಟ್ಟ ನಾಲ್ಕು ಕೋಣೆಗಳಿವೆ. ಅಲ್ಲಿ ನೀರಿನಂತಹ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗುತ್ತಿರುತ್ತದೆ. ದೊಡ್ಡವರಲ್ಲಿ ದಿನವೊಂದಕ್ಕೆ ಇದು ಸುಮಾರು ಅರ್ಧ ಲೀಟರ್. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಹರಿದು ಕೊನೆಗೆ ಅದು ರಕ್ತಕ್ಕೆ ಸೇರಿಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ತಡೆಯಾದರೆ ಅಥವಾ ರಕ್ತಕ್ಕೆ ಸರಿಯಾಗಿ ಸೇರದಿದ್ದರೆ ದ್ರವ ಒಳಗೇ ನಿಂತು ಕೋಣೆಗಳು ಹಿಗ್ಗುತ್ತವೆ, ಮೆದುಳಿನ ಮೇಲೆ ಒತ್ತಡ ಬೀಳುತ್ತದೆ.

ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಈ ದಾರಿ ಕಿರಿದಾಗಿರುತ್ತದೆ. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಮೆದುಳಿನಲ್ಲಿ ರಕ್ತಸ್ರಾವವಾದರೆ, ಕ್ಷಯ ಅಥವಾ ಬೇರೆ ಸೋಂಕಿನಿಂದ ಮೆದುಳಿನ ಪೊರೆ ಊದಿಕೊಂಡರೆ, ಗೆಡ್ಡೆ ಬೆಳೆದರೆ ಆಮೇಲೆಯೂ ಬರಬಹುದು.

ಎಳೆಗೂಸಿನ ತಲೆಬುರುಡೆಯ ಎಲುಬುಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಆದ್ದರಿಂದ ಒತ್ತಡಕ್ಕೆ ತಲೆಯೇ ಬೆಳೆಯುತ್ತದೆ. ನೆತ್ತಿಯ ಮೆತ್ತನೆಯ ಭಾಗ ಉಬ್ಬುತ್ತದೆ, ತಲೆಯ ಚರ್ಮದ ಮೇಲೆ ನೀಲಿ ನರಗಳು ಎದ್ದು ಕಾಣುತ್ತವೆ. ಮಗು ವಾಂತಿ ಮಾಡುತ್ತದೆ, ಹಾಲು ಕುಡಿಯಲು ಒಲ್ಲೆನ್ನುತ್ತದೆ, ರಚ್ಚೆ ಹಿಡಿಯುತ್ತದೆ ಅಥವಾ ಮಂಕಾಗಿ ಮಲಗಿರುತ್ತದೆ.

ಕಣ್ಣಿಗೇಕೆ ತೊಂದರೆ?

ನೀರು ತುಂಬುವುದು ತಲೆಯಲ್ಲಿ, ಕಣ್ಣಿಗೇನು ಸಂಬಂಧ ಎಂದು ನೀವು ಕೇಳಬಹುದು. ಕಣ್ಣನ್ನು ಆಡಿಸುವ ನರಗಳು ಮೆದುಳಿನಿಂದಲೇ ಹೊರಡುತ್ತವೆ. ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಜಾಗ ಇರುವುದು ಮೆದುಳಿನ ಹಿಂಭಾಗದಲ್ಲಿ. ಕಣ್ಣಿನಿಂದ ಅಲ್ಲಿಗೆ ಹೋಗುವ ನರತಂತುಗಳು ದ್ರವ ತುಂಬಿದ ಆ ಕೋಣೆಗಳ ಪಕ್ಕದಲ್ಲೇ ಹಾದುಹೋಗುತ್ತವೆ.

ಒತ್ತಡವು ಮೆದುಳಿನ ನಡುಭಾಗವನ್ನು ತಾಗಿದಾಗ ಮಗುವಿಗೆ ಕಣ್ಣುಗಳನ್ನು ಮೇಲೆತ್ತಲು ಆಗುವುದಿಲ್ಲ. ಗುಡ್ಡೆಗಳು ಕೆಳಗಿಳಿದು, ಕಪ್ಪು ಭಾಗದ ಮೇಲೆ ಬಿಳಿ ಕಾಣುತ್ತದೆ. ಕಡಲಿಗೆ ಇಳಿಯುತ್ತಿರುವ ಸಂಜೆಯ ಸೂರ್ಯನಂತೆ ಕಾಣುವುದರಿಂದ ವೈದ್ಯರು ಇದನ್ನು 'ಅಸ್ತಮಿಸುವ ಸೂರ್ಯನ ಲಕ್ಷಣ' ಎನ್ನುತ್ತಾರೆ. ಆರೋಗ್ಯವಂತ ಶಿಶುವಿನಲ್ಲೂ ಒಮ್ಮೊಮ್ಮೆ ಕ್ಷಣಕಾಲ ಹೀಗಾಗುವುದುಂಟು. ಅದು ಪದೇ ಪದೇ ಕಂಡರೆ, ಜೊತೆಗೆ ತಲೆಯೂ ಬೆಳೆಯುತ್ತಿದ್ದರೆ ತಡಮಾಡಬಾರದು.

ಕಣ್ಣನ್ನು ಹೊರಗಡೆಗೆ ತಿರುಗಿಸುವ ನರ ಒತ್ತಡಕ್ಕೆ ಸಿಕ್ಕಿದರೆ ಕಣ್ಣು ಮೂಗಿನ ಕಡೆಗೆ ವಾಲಿ ಮೆಳ್ಳೆಗಣ್ಣಾಗುತ್ತದೆ. "ಮೆಳ್ಳೆಗಣ್ಣು ಅದೃಷ್ಟ" ಎಂದು ಸುಮ್ಮನಿರುವವರಿದ್ದಾರೆ. ಆದರೆ ಒಂದು ಕಣ್ಣು ವಾಲಿಕೊಂಡಿದ್ದರೆ ಮೆದುಳು ಆ ಕಣ್ಣಿನ ಚಿತ್ರವನ್ನು ಬಿಟ್ಟುಬಿಡಲು ಕಲಿಯುತ್ತದೆ. ಕ್ರಮೇಣ ಅದು 'ಸೋಮಾರಿ ಕಣ್ಣು' ಆಗುತ್ತದೆ. ಚಿಕ್ಕ ಪ್ರಾಯದಲ್ಲೇ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಇಂತಿಷ್ಟು ಹೊತ್ತು ಪಟ್ಟಿ ಕಟ್ಟಿ ಅದನ್ನು ಸರಿಪಡಿಸಬಹುದು. ಪ್ರಾಯ ಹೆಚ್ಚಾದಂತೆ ಅದು ಕಷ್ಟವಾಗುತ್ತದೆ.

ಎಲ್ಲಕ್ಕಿಂತ ಗಂಭೀರವಾದುದು ದೃಷ್ಟಿನರಕ್ಕೆ ಆಗುವ ಹಾನಿ. ಒತ್ತಡದಿಂದ ಮೊದಲು ಈ ನರದ ಬುಡ ಊದಿಕೊಳ್ಳುತ್ತದೆ. ಆಗ ಒತ್ತಡ ಇಳಿಸಿದರೆ ನೋಟ ಉಳಿಯುವ ಸಾಧ್ಯತೆ ಇದೆ. ತಡವಾಗಿ ನರ ಬಾಡಿಹೋದರೆ ಅದು ಮರಳಿ ಚಿಗುರುವುದಿಲ್ಲ. ಎಳೆಗೂಸುಗಳಲ್ಲಿ ತಲೆಯೇ ಹಿಗ್ಗುವುದರಿಂದ ನರ ಊದದೆಯೂ ಇರಬಹುದು. ಆದ್ದರಿಂದ ಊತ ಕಾಣಲಿಲ್ಲ ಎಂದ ಮಾತ್ರಕ್ಕೆ ಒಳಗೆ ಒತ್ತಡವಿಲ್ಲ ಎಂದು ತಿಳಿಯಬಾರದು.

ಒಬ್ಬ ತಂದೆಯ ಹಟ

ಈ ಕಾಯಿಲೆಗೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. 'ಶಂಟ್' ಎಂಬ ತೆಳುವಾದ ಕೊಳವೆಯನ್ನು ಚರ್ಮದ ಒಳಗಿನಿಂದಲೇ ಇಳಿಸಿ, ಹೆಚ್ಚಾದ ದ್ರವ ಹೊಟ್ಟೆಯೊಳಗೆ ಹರಿದುಹೋಗುವಂತೆ ಮಾಡುತ್ತಾರೆ. ಕೆಲವರಿಗೆ ದುರ್ಬೀನಿನ ಮೂಲಕ ಮೆದುಳಿನಲ್ಲೇ ಹೊಸ ದಾರಿ ಮಾಡಿಕೊಡುತ್ತಾರೆ.

ಶಂಟಿನ ಚರಿತ್ರೆಯಲ್ಲಿ ಒಬ್ಬ ತಂದೆಯ ಹೆಸರಿದೆ. ಮಕ್ಕಳ ಕಥೆಗಳಿಂದ ಪ್ರಸಿದ್ಧರಾದ ಲೇಖಕ ರೋಲ್ಡ್ ಡಾಲ್. 1960ರಲ್ಲಿ ನ್ಯೂಯಾರ್ಕಿನಲ್ಲಿ ಅವರ ನಾಲ್ಕು ತಿಂಗಳ ಮಗ ಥಿಯೋ ಮಲಗಿದ್ದ ಕೈಗಾಡಿಗೆ ಟ್ಯಾಕ್ಸಿ ಬಡಿಯಿತು. ತಲೆಗೆ ಪೆಟ್ಟಾಗಿ ನೀರು ತುಂಬಿತು. ಹಾಕಿದ ಶಂಟ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಹಾಗಾದಾಗ ಮಗುವಿಗೆ ನೋವಿನ ಜೊತೆ ಕಣ್ಣೂ ಕಾಣದಂತಾಗುತ್ತಿತ್ತು. ಡಾಲ್ ಕೈಕಟ್ಟಿ ಕೂರಲಿಲ್ಲ. ಆಟಿಕೆ ವಿಮಾನಗಳ ಪುಟ್ಟ ಇಂಜಿನ್ ತಯಾರಿಸುತ್ತಿದ್ದ ಸ್ಟಾನ್ಲಿ ವೇಡ್ ಮತ್ತು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ನರಶಸ್ತ್ರಜ್ಞ ಕೆನೆತ್ ಟಿಲ್ ಅವರನ್ನು ಒಟ್ಟುಗೂಡಿಸಿದರು. 1962ರಲ್ಲಿ ಸುಲಭವಾಗಿ ಕಟ್ಟಿಕೊಳ್ಳದ ಹೊಸ ಕವಾಟ ಸಿದ್ಧವಾಯಿತು. ಅಷ್ಟರಲ್ಲಿ ಥಿಯೋ ಚೇತರಿಸಿಕೊಂಡಿದ್ದ, ಅವನಿಗೆ ಅದರ ಅಗತ್ಯ ಬೀಳಲಿಲ್ಲ. ಆದರೆ ಸಾವಿರಾರು ಮಕ್ಕಳಿಗೆ ಅದು ನೆರವಾಯಿತು. ಮೂವರೂ ಅದರಿಂದ ಲಾಭ ಪಡೆಯಲಿಲ್ಲ.

ಈ ಘಟನೆಯಲ್ಲಿ ನಮಗೊಂದು ಪಾಠವಿದೆ. ಶಂಟ್ ಕಟ್ಟಿಕೊಂಡಾಗ ಕಣ್ಣೂ ಅದನ್ನು ಹೇಳುತ್ತದೆ. ಶಂಟ್ ಹಾಕಿದ ಮಗುವಿಗೆ ತಲೆನೋವು, ವಾಂತಿ, ತೂಕಡಿಕೆ ಬಂದರೆ, ಕಣ್ಣು ಹೊಸದಾಗಿ ವಾಲಿದರೆ, ಮೇಲೆ ನೋಡಲಾಗದಿದ್ದರೆ, ಎರಡೆರಡಾಗಿ ಅಥವಾ ಮಬ್ಬಾಗಿ ಕಾಣುತ್ತಿದೆ ಎಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಣ್ಣು ಸರಿಯಿದ್ದರೂ ಕಾಣದು!

ಇನ್ನೊಂದು ತೊಂದರೆ ಇದೆ. ಅದು ಅನೇಕ ಮನೆಗಳಲ್ಲಿ ಗಮನಕ್ಕೇ ಬರುವುದಿಲ್ಲ. ಕಣ್ಣಿನ ಡಾಕ್ಟರು ನೋಡಿ "ಕಣ್ಣು ಚೆನ್ನಾಗಿದೆ" ಎನ್ನುತ್ತಾರೆ. ಆದರೂ ಮಗು ಎಡವುತ್ತದೆ. ಮೆಟ್ಟಿಲು ಇಳಿಯಲು ಹೆದರುತ್ತದೆ. ರಾಶಿ ಚಪ್ಪಲಿಗಳಲ್ಲಿ ತನ್ನದು ಸಿಗುವುದಿಲ್ಲ. ಮದುವೆ ಹಾಲಿನಲ್ಲಿ ಉಮ್ಮನ ಮುಖ ಗುರುತಿಸದೆ ಅಳುತ್ತದೆ, ದನಿ ಕೇಳಿದ ಕೂಡಲೇ ಓಡಿ ಬರುತ್ತದೆ. ತಟ್ಟೆಯಲ್ಲಿ ತನ್ನ ಕಡೆಗಿರುವ ಅನ್ನವನ್ನು ಹಾಗೇ ಬಿಟ್ಟು ಏಳುತ್ತದೆ. ಇಲ್ಲಿ ದೋಷವಿರುವುದು ಕಣ್ಣಿನಲ್ಲಲ್ಲ, ಕಂಡದ್ದನ್ನು ಗ್ರಹಿಸುವ ಮೆದುಳಿನಲ್ಲಿ. ನೋಟದ ಕೆಳಭಾಗ ಕಾಣಿಸದಿರುವುದು ಇಂತಹ ಮಕ್ಕಳಲ್ಲಿ ಸಾಮಾನ್ಯ.

ಇಂತಹ ಮಗು ಶಾಲೆಯಲ್ಲಿ 'ದಡ್ಡ' ಎನಿಸಿಕೊಳ್ಳುತ್ತದೆ. ಒತ್ತೊತ್ತಾಗಿ ಅಚ್ಚಾದ ಸಾಲುಗಳಲ್ಲಿ ದಾರಿ ತಪ್ಪುತ್ತದೆ, ಒತ್ತಕ್ಷರಗಳನ್ನು ಬಿಟ್ಟು ಓದುತ್ತದೆ. ಮದರಸದಲ್ಲಿ ಒಂದು ಚುಕ್ಕೆಯ 'ಬಾ', ಎರಡು ಚುಕ್ಕೆಯ 'ತಾ', ಮೂರು ಚುಕ್ಕೆಯ 'ಸಾ' ಅಕ್ಷರಗಳು ಅದಕ್ಕೆ ಒಂದರೊಳಗೊಂದು ಬೆರೆತುಹೋಗಬಹುದು. ಕೇಳಿಸಿಕೊಂಡದ್ದನ್ನು ಚೆನ್ನಾಗಿ ಒಪ್ಪಿಸುವ ಮಗು ಪುಸ್ತಕ ತೆರೆದಾಗ ತಡವರಿಸಿದರೆ ಬೆತ್ತ ತೆಗೆಯುವ ಮೊದಲು ಯೋಚಿಸಬೇಕು. ಉಸ್ತಾದರಿಗೂ ಟೀಚರಿಗೂ ಮಗುವಿನ ತೊಂದರೆಯನ್ನು ತಿಳಿಸಿ ಹೇಳಬೇಕಾದವರು ನೀವೇ.

ಮನೆಯಲ್ಲಿ ಏನು ಮಾಡಬಹುದು?

* ಆಟಿಕೆಗಳನ್ನು ರಾಶಿ ಹಾಕಬೇಡಿ. ಒಂದೇ ಬಣ್ಣದ ಬಟ್ಟೆಯ ಮೇಲೆ ಒಂದೊಂದನ್ನೇ ಇಡಿ.
* ದೊಡ್ಡ ಅಕ್ಷರಗಳಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬರೆದುಕೊಡಿ. ಓದುವ ಸಾಲನ್ನು ಬಿಟ್ಟು ಉಳಿದುದನ್ನು ಕಾಗದದಿಂದ ಮುಚ್ಚಿ.
* ಮೆಟ್ಟಿಲುಗಳ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ.
* ಹತ್ತಿರ ಬರುವಾಗ ಮೊದಲು ಹೆಸರು ಹಿಡಿದು ಕರೆಯಿರಿ. ನೋಡಿ ಗುರುತಿಸಲು ಅದಕ್ಕೆ ಸಮಯ ಕೊಡಿ.
* ಊಟದ ನಡುವೆ ತಟ್ಟೆಯನ್ನು ಒಮ್ಮೆ ತಿರುಗಿಸಿ ಇಡಿ.
* ಮೂರು ವರ್ಷದ ಮಗುವಿಗೆ ಕನ್ನಡಕವೇ ಎಂದು ನಾಚಬೇಡಿ.

ಶಂಟ್ ಹಾಕಿಸಿ ಮನೆಗೆ ಬಂದ ಮೇಲೆ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುವುದೇ ಹೆಚ್ಚಿನವರ ತಪ್ಪು. ಮಗು ಚೆನ್ನಾಗಿದ್ದರೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಕ್ಕಳ ಕಣ್ಣಿನ ತಜ್ಞರಿಂದ ಪರೀಕ್ಷೆ ಮಾಡಿಸುತ್ತಿರಿ. ದಿನ ತುಂಬದೆ ಹುಟ್ಟಿದ ಮಗುವಾದರೆ ಒಂದು ತಿಂಗಳೊಳಗೆ ಕಣ್ಣಿನ ಒಳಪರದೆಯ ಪರೀಕ್ಷೆಯೂ ಆಗಲೇಬೇಕು, ಏಕೆಂದರೆ ಅಂತಹ ಮಕ್ಕಳಿಗೆ ಅಲ್ಲಿಯೂ ಬೇರೆಯೇ ಕಾಯಿಲೆಯ ಅಪಾಯವಿದೆ.

ನೆರವು ಎಲ್ಲಿದೆ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಹೆಚ್ಚಿನ ಚಿಕಿತ್ಸೆಗೆ ದಾರಿ ತೋರಿಸಲು ಜಿಲ್ಲಾ ಮಟ್ಟದ ಕೇಂದ್ರಗಳಿವೆ. ಬೆಂಗಳೂರಿನಲ್ಲಿ ಮೆದುಳಿಗೆ ನಿಮ್ಹಾನ್ಸ್, ಕಣ್ಣಿಗೆ ಮಿಂಟೋ ಆಸ್ಪತ್ರೆ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಮಂದದೃಷ್ಟಿಯೂ ಸೇರಿದೆ. ಶೇಕಡಾ 40ರಷ್ಟು ಅಥವಾ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ತಾಯಿಯನ್ನು ದೂರಬೇಡಿ

ಇಂತಹ ಮಗು ಹುಟ್ಟಿದಾಗ ಬೆರಳು ಮೊದಲು ತಾಯಿಯ ಕಡೆಗೇ ತಿರುಗುತ್ತದೆ. ಗ್ರಹಣ ನೋಡಿದಳು, ಏನನ್ನೋ ತಿಂದಳು ಎಂಬ ಮಾತುಗಳು ಮನೆಯನ್ನೇ ಒಡೆಯುತ್ತವೆ. ಇವುಗಳಿಗೆ ಯಾವ ಆಧಾರವೂ ಇಲ್ಲ. ಆಧಾರವಿರುವ ಒಂದು ವಿಷಯವನ್ನು ಮಾತ್ರ ನೆನಪಿಡಿ. ಮಗುವಿನ ಬೆನ್ನುಹುರಿ ರೂಪುಗೊಂಡು ಮುಚ್ಚಿಕೊಳ್ಳುವುದು ಗರ್ಭದ ಮೊದಲ ನಾಲ್ಕು ವಾರಗಳಲ್ಲಿ, ಅನೇಕ ಹೆಂಗಸರಿಗೆ ಬಸಿರಾದದ್ದೇ ತಿಳಿಯುವ ಮೊದಲು. ಆದ್ದರಿಂದ ಗರ್ಭ ಧರಿಸುವ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಿದರೆ ಬೆನ್ನುಹುರಿಯ ದೋಷ ಬಹಳಷ್ಟು ತಪ್ಪುತ್ತದೆ. ಮೊದಲೇ ಅಂತಹ ಮಗು ಹುಟ್ಟಿದ್ದರೆ ವೈದ್ಯರು ಇನ್ನೂ ಹೆಚ್ಚಿನ ಪ್ರಮಾಣವನ್ನು ಸೂಚಿಸುತ್ತಾರೆ. ಮಗಳಿಗೆ, ಸೊಸೆಗೆ ಈ ಮಾತನ್ನು ಮದುವೆಯಾದ ಹೊಸತರಲ್ಲೇ ತಿಳಿಸಿ. ದೂರುವುದಕ್ಕಿಂತ ಅದು ಎಷ್ಟೋ ಮೇಲು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ತಲೆಯಲ್ಲಿ ನೀರು ತುಂಬಿದ ಮಗುವಿದ್ದರೆ ಇಂದೇ ಅದರ ಮುಂದೆ ಕುಳಿತು ಒಂದು ಕೆಂಪು ಚೆಂಡನ್ನು ನಿಧಾನವಾಗಿ ಆಚೀಚೆ, ಮೇಲೆ ಕೆಳಗೆ ಆಡಿಸಿ ನೋಡಿ. ಕಣ್ಣುಗಳು ಅದರ ಜೊತೆ ಬರುತ್ತವೆಯೇ? ಬಾರದಿದ್ದರೆ ನಾಳೆಯೇ ವೈದ್ಯರ ಬಳಿ ಹೋಗಿ. ಮಗು ತನಗೆ ಕಾಣುತ್ತಿಲ್ಲವೆಂದು ಹೇಳಲಾರದು. ಹುಟ್ಟಿದಂದಿನಿಂದ ಅದು ಕಂಡದ್ದೇ ಅಷ್ಟು. ಅದರ ಪರವಾಗಿ ನೀವು ನೋಡಬೇಕು, ನೀವೇ ಹೇಳಬೇಕು.