ಮುಪ್ಪಿನ ಲೆಕ್ಕ, ಆರೈಕೆಯ ಕೈ

ದೇಶದ ನಾಳೆಗಾಗಿ ಯೋಜನೆ ಹಾಕುವವರನ್ನು ಮಳೆ ಬೆಳೆಗಳು ಮೋಸಗೊಳಿಸಬಹುದು. ಮುಪ್ಪು ಮಾತ್ರ ಹೇಳಿದ ವೇಳೆಗೆ ತಪ್ಪದೆ ಬರುತ್ತದೆ. 2050ರಲ್ಲಿ 60 ದಾಟಿರುವವರೆಲ್ಲರೂ ಈಗಾಗಲೇ ಬೆಳೆದು ದೊಡ್ಡವರಾಗಿ ನಮ್ಮ ನಡುವೆ ದುಡಿಯುತ್ತಿದ್ದಾರೆ. ಅವರನ್ನು ಇಂದೇ ಎಣಿಸಬಹುದು. ಆದರೆ ಅಂದು ಅವರ ಹಾಸಿಗೆಯ ಬಳಿ ನಿಲ್ಲಬೇಕಾದ ದಾದಿಯರಲ್ಲಿ ಅನೇಕರು ಇನ್ನೂ ಶಾಲೆಯಲ್ಲಿದ್ದಾರೆ, ಕೆಲವರು ಹುಟ್ಟಿಯೇ ಇಲ್ಲ. ವೃದ್ಧರ ಆರೋಗ್ಯಸೇವೆಯ ಸಮಸ್ಯೆಯೆಲ್ಲ ಈ ಅಂತರದಲ್ಲಿಯೇ ಅಡಗಿದೆ.

ಈ ವಿಷಯದಲ್ಲಿ ಜಪಾನಿನ ಅನುಭವ ವಿಚಾರಾರ್ಹವಾದುದು. ಅಲ್ಲಿ 1970ರಲ್ಲಿ 65 ತುಂಬಿದವರು ನೂರಕ್ಕೆ 7 ಮಂದಿ ಇದ್ದರು. 1994ರ ವೇಳೆಗೆ 14 ಮಂದಿಯಾದರು. ಫ್ರಾನ್ಸಿಗೆ ಇಷ್ಟೇ ದಾರಿ ಸವೆಸಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಜಪಾನ್ ಕೈಕಟ್ಟಿ ಕುಳಿತಿರಲಿಲ್ಲ. ವೃದ್ಧರ ಆರೈಕೆಯನ್ನು ಅರ್ಹತಾಪತ್ರವುಳ್ಳ ವೃತ್ತಿಯನ್ನಾಗಿ ಮಾಡುವ ಕಾನೂನನ್ನು 1987ರಲ್ಲಿಯೇ ತಂದಿತು. 2000ದ ಏಪ್ರಿಲಿನಲ್ಲಿ ಆರೈಕೆ ವಿಮೆ ಜಾರಿಗೆ ಬಂದಿತು. 40 ತುಂಬಿದವರು ಅದಕ್ಕೆ ಕಂತು ಕಟ್ಟಬೇಕು. ಅದುವರೆಗೆ ಬಹುಮಟ್ಟಿಗೆ ಮನೆಯ ಸೊಸೆಯೊಬ್ಬಳೇ ಹೊತ್ತಿದ್ದ ಭಾರಕ್ಕೆ ಸಮಾಜವೂ ಹೆಗಲು ಕೊಟ್ಟಿತು.

ಹಣವೊದಗಿತು, ಕಾನೂನೂ ಆಯಿತು. ಆದರೂ ಕೈಗಳು ಸಾಲದಾದುವು. ಎತ್ತಿ ಕೂರಿಸುವುದು, ಮೀಯಿಸುವುದು, ಉಣಿಸುವುದು ಮೈಮುರಿಯುವ ಕೆಲಸ. ಸಂಬಳವಾದರೋ ಇತರ ಉದ್ಯೋಗಗಳ ಸರಾಸರಿಗಿಂತ ಕಡಿಮೆ. ತರುಣರು ಬೇರೆ ದಾರಿ ಹಿಡಿದರು. ಆಗ 2008ರಲ್ಲಿ ಇಂಡೋನೇಷ್ಯದಿಂದ, 2009ರಲ್ಲಿ ಫಿಲಿಪ್ಪೀನ್ಸಿನಿಂದ, 2014ರಲ್ಲಿ ವಿಯೆಟ್ನಾಮಿನಿಂದ ಆರೈಕೆಯವರನ್ನು ಬರಮಾಡಿಕೊಳ್ಳಬೇಕಾಯಿತು. ಹಾಗೆ ಬಂದವರು ಮೊದಲು ಭಾಷೆ ಕಲಿಯಬೇಕು. ಹಾಸಿಗೆ ಹಿಡಿದವರ ತೊದಲುಮಾತನ್ನು ತಿಳಿಯುವ ಕಿವಿ ಒಂದೆರಡು ತಿಂಗಳಲ್ಲಿ ಪಳಗುವುದಿಲ್ಲ. ಇಂದು ಅಲ್ಲಿ 65 ತುಂಬಿದವರು ನೂರಕ್ಕೆ ಸುಮಾರು 29 ಮಂದಿ. ಕೊರತೆ ಇನ್ನೂ ನೀಗಿಲ್ಲ.

ನಮ್ಮ ದೇಶದ ಮುಂದೆಯೂ ಇದೇ ಲೆಕ್ಕವಿದೆ. 2011ರ ಜನಗಣತಿಯಲ್ಲಿ 60 ದಾಟಿದವರು 10 ಕೋಟಿಗೂ ಮಿಕ್ಕಿದ್ದರು; 2050ರ ವೇಳೆಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುವರೆಂದು ಅಂದಾಜು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲಿ ವೃದ್ಧವೈದ್ಯದ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ವೃದ್ಧರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೂ 2010ರಲ್ಲಿ ಬಂದಿತು. ಆದರೆ ಮುಪ್ಪಿಗೆ ತಜ್ಞರು ಬೇಕಾಗುವುದು ಆಗೊಮ್ಮೆ ಈಗೊಮ್ಮೆ. ಹುಣ್ಣಿಗೆ ಪಟ್ಟಿ ಕಟ್ಟುವ, ಮಗ್ಗುಲು ಹೊರಳಿಸುವ, ಮಾತ್ರೆಯನ್ನು ನೆನಪಿಟ್ಟು ಕೊಡುವ ಕೈ ಬೇಕಾಗುವುದು ದಿನವೂ. ದಾದಿಯ ಪದವಿಗೆ ನಾಲ್ಕು ವರ್ಷಗಳ ಶಿಕ್ಷಣ ಬೇಕು. ಆಕೆಗೆ ಕಲಿಸುವವರನ್ನು ಅದಕ್ಕೂ ಮೊದಲೇ ಸಿದ್ಧಗೊಳಿಸಬೇಕು. ಹೀಗೆ ಕಲಿತವರಲ್ಲಿ ಎಷ್ಟೋ ಮಂದಿ ಕೊಲ್ಲಿ ರಾಷ್ಟ್ರಗಳಿಗೂ ಬ್ರಿಟನ್ನಿಗೂ ಹೋಗಿ ಅಲ್ಲಿನ ರೋಗಿಗಳ ಶುಶ್ರೂಷೆ ಮಾಡುತ್ತಿದ್ದಾರೆ. ಅದು ಅವರ ತಪ್ಪಲ್ಲ. ದುಡಿಮೆಗೆ ತಕ್ಕ ಬೆಲೆಯನ್ನು ಅವರು ಅಲ್ಲಿ ಕಂಡಿದ್ದಾರೆ.

ಬಾಯಾರಿದಾಗ ಬಾವಿ ತೋಡಬಾರದೆಂದು ಬಲ್ಲವರು ನಾವು. ಆದರೆ ಈ ಬಾವಿಯನ್ನು ತೋಡಲು ಕಟ್ಟಡಗಳೂ ಕೋಷ್ಟಕಗಳೂ ಮಾತ್ರವೇ ಸಾಲವು. 2050ರ ವೃದ್ಧರಲ್ಲಿ ಈ ಪುಟವನ್ನೋದುವ ತರುಣ ಅಧ್ಯಾಪಕರೂ ಸೇರಿದ್ದಾರೆ. ಇಂದು ಅವರ ತರಗತಿಯಲ್ಲಿ ಕುಳಿತಿರುವ ಮಕ್ಕಳಲ್ಲಿ ಎಷ್ಟು ಮಂದಿ ಶುಶ್ರೂಷೆಯ ವೃತ್ತಿಯನ್ನು ಮನಸ್ಸಿಟ್ಟು ಆರಿಸಿಕೊಳ್ಳುವರೆಂಬುದು, ಆ ವೃತ್ತಿಗೆ ಈಗ ನಾವು ಕೊಡುವ ಸಂಬಳವನ್ನೂ ಮರ್ಯಾದೆಯನ್ನೂ ಅವಲಂಬಿಸಿದೆ.