ಕಬಡ್ಡಿಯಲ್ಲಿ ಹಿಡಿತ ತಪ್ಪಿದರೆ

ಕೆಲಸ ಮುಗಿಸಿ, ಹೋಟೆಲಿನ ಗೋಡೆಯ ಮೇಲಿನ ಟೆಲಿವಿಷನ್ನಿನಲ್ಲಿ ಕಬಡ್ಡಿ ನೋಡುತ್ತ ನಿಲ್ಲುವ ನಮ್ಮ ಬಂಧುಗಳ ಬಾಯಿಂದ ಪದೇ ಪದೇ ಹೊರಡುವ ಮಾತೊಂದಿದೆ: “ಅಷ್ಟು ಅವಸರ ಏಕೆ ಮಾರಾಯ, ತುಸು ಕಾಯಬಾರದೇ!” ಇದು ದಾಳಿಗೆ ಹೋದವನನ್ನು ಕುರಿತ ಮಾತಲ್ಲ, ದಾಳಿಗಾರನನ್ನು ಹಿಡಿಯಹೋಗಿ ತಾನೇ ಅಂಗಣದಿಂದ ಹೊರಬಿದ್ದವನನ್ನು ಕುರಿತದ್ದು. ನೆಚ್ಚಿನ ತಂಡವು ಗೆಲ್ಲಬಹುದಾದ ಪಂದ್ಯವನ್ನು ಹೀಗೆ ಕೈಚೆಲ್ಲಿದಾಗ ನಮಗೂ ಸಂಕಟವಾಗುತ್ತದೆಂಬುದನ್ನು ಮುಚ್ಚಿಡಲಾರೆವು.

ಯೋಚಿಸಿ ನೋಡಿದರೆ ಅನುಕೂಲವೆಲ್ಲವೂ ಹಿಡಿಯುವವರದೇ. ದಾಳಿಗಾರನು ಒಬ್ಬ, ಎದುರಿಗೆ 7 ಮಂದಿ. ಆತನಿಗಿರುವ ಕಾಲ 30 ಸೆಕೆಂಡು ಮಾತ್ರ. ಎರಡು ದಾಳಿಗಳು ಬರಿದಾದರೆ ಮೂರನೆಯ ದಾಳಿಯಲ್ಲಿ ಅಂಕ ಗಳಿಸಲೇಬೇಕು. ಇಲ್ಲವಾದರೆ ದಾಳಿಗಾರನೇ ಹೊರಗೆ. ಆದುದರಿಂದ ಸುಮ್ಮನೆ ಕಾಯುವುದೂ ಒಂದು ಯುದ್ಧತಂತ್ರವೇ ಸರಿ.

ಹೀಗಿದ್ದೂ ಮೂಲೆಯ ಆಟಗಾರನೊಬ್ಬನು ಜತೆಗಾರನ ಕೈಬಿಟ್ಟು ಒಬ್ಬಂಟಿಯಾಗಿ ನುಗ್ಗುತ್ತಾನೆ. ದಾಳಿಗಾರನು ಕೊಸರಿಕೊಂಡು ನಡುಗೆರೆಯನ್ನು ಮುಟ್ಟುತ್ತಾನೆ. ಎದುರಾಳಿಗೆ ಒಂದು ಅಂಕ; ಹೊರಗೆ ಕುಳಿತಿದ್ದ ಅವರ ಆಟಗಾರನೊಬ್ಬನು ಒಳಕ್ಕೆ; ನಮ್ಮವನೊಬ್ಬನು ಹೊರಕ್ಕೆ. ತಪ್ಪು ಒಂದು, ದಂಡ ಮೂರು! ತಡವಾಗಿ ನೆರವಿಗೆ ಬಂದು ಮೈ ತಗುಲಿಸಿದವರೂ ಹೊರಬೀಳುತ್ತಾರೆ. ಏಳು ಮಂದಿಯೂ ಹೊರಬಿದ್ದಾಗ ಎದುರಾಳಿಗೆ ಇನ್ನೂ 2 ಅಂಕಗಳ ಬಳುವಳಿ.

ಒಳ್ಳೆಯ ಹಿಡಿತವೆಂಬುದು ಒಬ್ಬನ ಸಾಹಸವಲ್ಲ. ಒಬ್ಬನು ಕಾಲನ್ನು ಹಿಡಿಯುವಾಗಲೇ ಇನ್ನೊಬ್ಬನು ಸೊಂಟವನ್ನು ತಬ್ಬಬೇಕು. ಮತ್ತೊಬ್ಬನು ನಡುಗೆರೆಯ ದಾರಿಯನ್ನು ಕಟ್ಟಬೇಕು. ಆಟಗಾರರು ಕೈಕೈ ಹಿಡಿದು ಸರಪಳಿಯಾಗಿ ನಿಲ್ಲುವುದು ಇದಕ್ಕಾಗಿಯೇ. ಅಂಗಣದಲ್ಲಿ ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಉಳಿದಿರುವಾಗ ದಾಳಿಗಾರನನ್ನು ಕೆಡವಿದರೆ ಒಂದರ ಬದಲು 2 ಅಂಕಗಳು ದೊರೆಯುತ್ತವೆ. ಇದನ್ನೇ ಸೂಪರ್ ಟ್ಯಾಕಲ್ ಎನ್ನುತ್ತಾರೆ. ಸೋಲುತ್ತಿರುವವರಿಗೂ ಹಿಡಿತವು ದಾರಿ ತೋರಿಸುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಿಡಿತದ ಬೆಲೆಯನ್ನು ನಾವು ಕಹಿಯಾಗಿಯೇ ಕಲಿತೆವು. 1990ರಿಂದ 2014ರವರೆಗಿನ ಏಳು ಏಷ್ಯನ್ ಕ್ರೀಡಾಕೂಟಗಳಲ್ಲಿಯೂ ಪುರುಷರ ಕಬಡ್ಡಿಯ ಚಿನ್ನ ಭಾರತದ್ದೇ ಆಗಿತ್ತು. 2018ರಲ್ಲಿ ಜಕಾರ್ತದ ಸೆಮಿಫೈನಲಿನಲ್ಲಿ ಇರಾನಿನವರು ನಮ್ಮ ಹೆಸರಾಂತ ದಾಳಿಗಾರರನ್ನು ಕಟ್ಟಿಹಾಕಿ 27–18ರಿಂದ ಗೆದ್ದರು. ಆ ಚಿನ್ನ ನಮ್ಮ ಕೈಗೆ ಮರಳಿದುದು 2023ರಲ್ಲಿ, ಹಾಂಗ್‌ಝೌನಲ್ಲಿ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಪುಣೇರಿ ಪಲ್ಟನ್ ತಂಡವು 28–25ರಿಂದ ಪ್ರೊ ಕಬಡ್ಡಿ ಪ್ರಶಸ್ತಿಯನ್ನು ಪಡೆಯಿತು. ಆ ತಂಡದ ಕೋಟೆಯಲ್ಲಿ ಇರಾನಿನ ಮೊಹಮ್ಮದ್ ರೆಜಾ ಶಾದ್ಲೂ ಇದ್ದರು. ತಂಡವನ್ನು ತರಬೇತುಗೊಳಿಸಿದವರು ಕರ್ನಾಟಕದ ಬಿ. ಸಿ. ರಮೇಶ್ ಎಂಬುದು ನಮಗೆ ಹೆಮ್ಮೆ.

ಆದರೂ ಜನರ ನೆನಪಿನಲ್ಲಿ ನಿಲ್ಲುವವನು ದಾಳಿಗಾರನೇ. 2019ರ ಜನವರಿ 5ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ 38–33ರಿಂದ ಗೆದ್ದಾಗ ಪವನ್ ಸೆಹ್ರಾವತರ 22 ಅಂಕಗಳನ್ನು ನಾವೆಲ್ಲರೂ ಕೊಂಡಾಡಿದೆವು. ಅದು ತಪ್ಪಲ್ಲ. ಆದರೆ ಚಪ್ಪಾಳೆಯೆಲ್ಲವೂ ದಾಳಿಗೇ ಸಲ್ಲುವುದಾದರೆ, ಹಿಡಿಯುವವನಿಗೂ ಒಬ್ಬನೇ ಮೆರೆಯುವ ಆಸೆ ಹುಟ್ಟುವುದು ಸಹಜ. ಇದರಲ್ಲಿ ಪ್ರೇಕ್ಷಕರಾದ ನಮ್ಮ ಪಾಲೂ ಇಲ್ಲದಿಲ್ಲ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಡಿಗೆಯವನು, ಬಡಿಸುವವನು, ಮೇಜು ಒರೆಸುವವನು, ಗಲ್ಲೆಯಲ್ಲಿ ಕುಳಿತವನು ಇವರಲ್ಲಿ ಒಬ್ಬನು ತಾಳ ತಪ್ಪಿದರೂ ಏನಾಗುವುದೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಕಬಡ್ಡಿಯ ಹಿಡಿತವೂ ಅಂತಹುದೇ. ಮುಂದಿನ ಪಂದ್ಯದಲ್ಲಿ ಕಾಲು ಹಿಡಿದವನಿಗೆ ಮಾತ್ರವಲ್ಲ, ಅವಸರಪಡದೆ ಅವನ ಪಕ್ಕದಲ್ಲಿ ಕಾದು ನಿಂತವನಿಗೂ ಒಂದು ಚಪ್ಪಾಳೆ ಇರಲಿ.